ಮಾಡೆಲ್ ಒಳಗಿನ ಚಹಾದಂಗಡಿ

ಮೇಲ್ಸೇತುವೆ ಕಟ್ಟಿಸಲು ಬಂದ ಇಂಜಿನಿಯರ್ ಮುಳಗುಂದ ಸಾಹೇಬರಿಗೆ ಲ್ಯಾಪ್‌ಟಾಪೇ ದೇವರು. ಕಂಬ, ಚರಂಡಿ, ನೀರಿನ ಪೈಪು, ಕರೆಂಟು, ಎಲ್ಲ ಇಲಾಖೆಗಳ ಕೆಲಸವೂ ಅದರೊಳಗಿನ ಒಂದೇ ನಕ್ಷೆಯಲ್ಲಿತ್ತು; ಅದಕ್ಕೆ ಅವರು ಮಾಡೆಲ್ ಅನ್ನುತ್ತಿದ್ದರು.

ರಸ್ತೆ ಬದಿ ಚಹಾ ಮಾರುವ ಕಲ್ಲವ್ವನಿಗೂ ಅದನ್ನೇ ತೋರಿಸಿದರು. "ನೋಡವ್ವ, ಇದರಾಗ ಇಲ್ಲದ್ದು ಇಲ್ಲಿ ಇರೂ ಹಂಗಿಲ್ಲ. ನಾಳೆ ಅಂಗಡಿ ಎತ್ತು."

ಕಲ್ಲವ್ವ ಚಹಾ ಸೋಸುತ್ತಲೇ ಅಂದಳು, "ಅದರಾಗ ನಾ ಇಲ್ಲಂದ್ರ ಯಾರನ್ನ ಎಬ್ಬಸ್ತೀರಿ ಸಾಹೇಬ್ರ? ಮೊದಲ ನನ್ನ ಅಂಗಡಿ ಅದರಾಗ ಕುಂದರಸ್ರಿ, ಆಮ್ಯಾಲೆ ಎಬ್ಬಸ್ರಿ."

ಮಾತಿಗೆ ಸೋತ ಸಾಹೇಬರು ನಗುತ್ತ ಅಂಗಡಿಯನ್ನು ಮಾಡೆಲ್‌ಗೆ ಸೇರಿಸಿದರು. ಅಳಿಸಹೋದಾಗ ಗೊತ್ತಾಯಿತು, ಒಳಗೆ ಸೇರಿದ್ದನ್ನು ತೆಗೆಯಲು ಎಲ್ಲ ಇಲಾಖೆಗಳೂ ಒಪ್ಪಬೇಕು. ಎಲ್ಲ ಇಲಾಖೆಗಳೂ ಒಂದು ಮಾತಿಗೆ ಒಪ್ಪಿದ್ದನ್ನು ಆ ಊರು ಎಂದೂ ಕಂಡಿರಲಿಲ್ಲ. ಕೊನೆಗೆ ಅಂಗಡಿಯ ಜಾಗದಲ್ಲಿ ಏಳಬೇಕಿದ್ದ ಸೇತುವೆಯ ಕಂಬವೇ ಪಕ್ಕಕ್ಕೆ ಸರಿಯಿತು.

ಸೇತುವೆ ಮುಗಿಯಿತು. ಗಾಡಿಗಳೆಲ್ಲ ಮೇಲಿಂದಲೇ ಹೋಗತೊಡಗಿದವು. ಒಂದು ಸಂಜೆ ಸಾಹೇಬರು ಕೆಳಗೆ ಬಂದು ನೋಡಿದರೆ ಬೆಂಚು ಖಾಲಿ. ಒಲೆ ಮೇಲಿನ ಚಹಾ ಕುದ್ದು ಕುದ್ದು ಕರ್ರಗಾಗಿತ್ತು.

"ತಪ್ಪಾತವ್ವ," ಅಂದರು ಸಾಹೇಬರು, ತಲೆ ತಗ್ಗಿಸಿ.

ಕಲ್ಲವ್ವ ಅದೇ ಚಹಾವನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು. "ತಪ್ಪು ನಂದರೀ. ಅಂಗಡಿ ಕುಂದರಸ್ರಿ ಅಂದೆ. ಗಿರಾಕಿನ್ನೂ ಕುಂದರಸ್ರಿ ಅನ್ನೂದು ಮರತೆ."