ನೀಲಾಂಬಿಕೆಯ ಒಂದು ಪುಟ

ಕಪಿಲೆಯ ದಡದ ಆಶ್ರಮವೊಂದರಲ್ಲಿ ನಿರ್ವಾಣಯ್ಯನವರೆಂಬ ಗುರುಗಳಿದ್ದರು. ತಾಳೆಗರಿಯ ಹಳೆಯ ಕಟ್ಟುಗಳನ್ನು ಓದುವುದರಲ್ಲಿ, ಉಳಿಸುವುದರಲ್ಲಿ ಅವರಷ್ಟು ಕೈ ಪಳಗಿದವರು ಆ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಹುಳ ತಿಂದು ಜರಡಿಯಾದ ಗರಿಯನ್ನೂ ಬೆಳಕಿಗೆ ಹಿಡಿದು ತಡವರಿಸದೆ ಓದುತ್ತಿದ್ದರು.

ನೀಲಾಂಬಿಕೆ ಅವರ ಶಿಷ್ಯೆ. ಕಾಲೇಜು ಮುಗಿಸಿ, ಗರಿ ಓದುವುದನ್ನು ಕಲಿಯಬೇಕೆಂದು ಬಂದವಳು ಅಲ್ಲೇ ಉಳಿದಿದ್ದಳು.

ಒಂದು ವರ್ಷ ಹೊಳೆ ಉಕ್ಕಿ ಆಶ್ರಮದ ಭಂಡಾರಕ್ಕೆ ನೀರು ನುಗ್ಗಿತು. ಕೆಳಗಿನ ಕಪಾಟಿನ ಕಟ್ಟುಗಳೆಲ್ಲ ನೆನೆದು, ಒಣಗಿ, ಗರಿಗೆ ಗರಿ ಅಂಟಿ ಹಲಗೆಯಂತಾದವು. ಗುರುಗಳು ಒಂದನ್ನು ಬಿಡಿಸಲು ಹೋದರು. ಅದು ಹಪ್ಪಳದಂತೆ ಪುಡಿಯಾಯಿತು.

ಉಳಿದವನ್ನು ಅವರು ಮತ್ತೆ ಮುಟ್ಟಲಿಲ್ಲ. ಆಶ್ರಮದಲ್ಲಿ ಆ ಮಾತನ್ನೂ ಯಾರೂ ಎತ್ತಲಿಲ್ಲ.

ಅಂಥ ಕಟ್ಟುಗಳನ್ನು ಬಿಡಿಸುವ ವಿದ್ಯೆಯನ್ನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆಂದು ನೀಲಾಂಬಿಕೆಗೆ ತಿಳಿಯಿತು. ಹೊರದೇಶದವರಿಗೆ ಇದ್ದದ್ದು ಒಂದೇ ಸೀಟು. ಅರ್ಜಿಯ ಜೊತೆ ಒಂದು ಪುಟದ ಪತ್ರ ಕಳಿಸಬೇಕು. ನೀವು ಇಲ್ಲಿಗೇ ಯಾಕೆ ಬರಬೇಕು ಎನ್ನುವುದನ್ನು ಅದರಲ್ಲಿ ಹೇಳಬೇಕು.

"ಮೊದಲು ಕನ್ನಡದಲ್ಲಿ ಬರೆ. ಇಂಗ್ಲಿಷಿಗೆ ಆಮೇಲೆ ತರೋಣ" ಎಂದರು ಗುರುಗಳು.

ಅವಳು ಬರೆದು ತಂದಳು. ಗುರುಗಳು ಓದಿದರು. ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ಇನ್ನೊಬ್ಬ ಶಿಷ್ಯ ಮಾದಪ್ಪನನ್ನು ಕರೆದರು.

"ಇವಳ ಹೆಸರಿರುವ ಕಡೆ ನಿನ್ನ ಹೆಸರು ಸೇರಿಸಿ ಇದನ್ನು ಓದಪ್ಪ."

ಮಾದಪ್ಪ ಕೈ ಒರೆಸಿಕೊಂಡು ಗಟ್ಟಿಯಾಗಿ ಓದಿದ. "ನಾನು ಮಾದಪ್ಪ. ಬಾಲ್ಯದಿಂದಲೂ ನನಗೆ ಪ್ರಾಚೀನ ಜ್ಞಾನದಲ್ಲಿ ಅಪಾರ ಆಸಕ್ತಿ. ವಿಶ್ವವಿಖ್ಯಾತವಾದ ತಮ್ಮ ಸಂಸ್ಥೆಯಲ್ಲಿ ಕಲಿಯುವುದು ನನ್ನ ಜೀವನದ ಕನಸು..."

"ಹೇಗಿದೆ?"

"ಬಲು ಚೆನ್ನಾಗಿದೆ ಬುದ್ಧಿ. ನನಗೇ ಬರೆದ ಹಾಗಿದೆ."

"ಹಾಗಾದರೆ ಜರ್ಮನಿಗೆ ಹೋಗುತ್ತೀಯಾ?"

"ಅಯ್ಯೋ, ನಾನ್ಯಾಕೆ ಹೋಗಲಿ ಬುದ್ಧಿ!"

ಗುರುಗಳು ಪತ್ರವನ್ನು ನೀಲಾಂಬಿಕೆಯ ಕೈಗೆ ಕೊಟ್ಟರು. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಇನ್ಯಾರೂ ತಮ್ಮದೆನ್ನಲಾರದ ಪತ್ರ ಬರೆಯಬೇಕೆಂದು ಅವಳು ಹಟಕ್ಕೆ ಬಿದ್ದಳು. ಅಪ್ಪ ತೀರಿಕೊಂಡದ್ದು, ಅವ್ವ ಊದುಬತ್ತಿ ಹೊಸೆದು ಓದಿಸಿದ್ದು, ಹಾಸ್ಟೆಲಿನಲ್ಲಿ ಜ್ವರ ಬಂದಾಗಲೂ ಪರೀಕ್ಷೆ ಬರೆದದ್ದು ಎಲ್ಲವನ್ನೂ ಬರೆದಳು.

ಓದುತ್ತ ಗುರುಗಳ ಕಣ್ಣು ಒದ್ದೆಯಾಯಿತು.

"ಇದನ್ನು ಓದಿದವರು ನಿನ್ನನ್ನು ಮನೆಗೆ ಕರೆದು ಊಟ ಹಾಕುತ್ತಾರೆ ಮಗಳೇ. ಪಾಠ ಹೇಳುತ್ತಾರೆಯೇ?"

"ಮತ್ತೇನು ಬರೆಯಲಿ ಬುದ್ಧಿ?"

"ಅಲ್ಲಿಗೆ ಯಾಕೆ ಹೋಗಬೇಕು ನೀನು?"

"ಕಲಿಯಲಿಕ್ಕೆ."

"ಇಲ್ಲಿ ಇಲ್ಲದ್ದು ಅಲ್ಲೇನಿದೆ?"

ನೀಲಾಂಬಿಕೆ ತಲೆ ತಗ್ಗಿಸಿದಳು. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಇಲ್ಲಿ ಎಲ್ಲವೂ ಇದೆ ಬುದ್ಧಿ."

"ಹಾಗಿದ್ದರೆ ಹೋಗಬೇಡ" ಎಂದು ಗುರುಗಳು ಎದ್ದು ಹೊಳೆಯ ಕಡೆ ನಡೆದರು.

ಅವಳು ಕುಳಿತಲ್ಲೇ ಕುಳಿತಳು. ಅರ್ಜಿ ಕಳಿಸಲು ಉಳಿದಿದ್ದ ದಿನಗಳು ಕಡಿಮೆ. ನಿಜ ಬರೆದರೆ ಗುರುಗಳ ಸೋಲನ್ನು ಬರೆಯಬೇಕು. ತನಗೆ ಅಕ್ಷರದ ಕಣ್ಣು ಕೊಟ್ಟವರ ಸೋಲನ್ನು ಪರದೇಶದವರ ಮುಂದೆ ಯಾವ ಬಾಯಲ್ಲಿ ಹೇಳುವುದು? ಬರೆಯದೆ ಹೋದರೆ ಕಪಾಟಿನ ಕಟ್ಟುಗಳು ಹಾಗೇ ಮೂಕವಾಗಿರುತ್ತವೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಯುವುದನ್ನು ಕಾದು, ಇನ್ನೊಂದು ಹಾಳೆ ತಂದು ಅವರ ಮುಂದಿಟ್ಟಳು.

ಗುರುಗಳು ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು. "'ಒಂದು ಕಟ್ಟು ಹಾಳಾಯಿತು' ಎಂದು ಬರೆದಿದ್ದೀಯೆ. ತಾನಾಗಿಯೇ ಹಾಳಾಯಿತೋ?"

"ಬುದ್ಧಿ, ಅದನ್ನು ಹೇಗೆ ಬರೆಯಲಿ..."

"ಪೆನ್ನು ಕೊಡು."

ಅವರು ಆ ಸಾಲನ್ನು ಹೊಡೆದುಹಾಕಿ ದುಂಡಗಿನ ತಮ್ಮ ಅಕ್ಷರದಲ್ಲಿ ಬರೆದರು: 'ನನ್ನ ಗುರುಗಳು ಬಿಡಿಸಲು ಹೋಗಿ ಒಂದು ಕಟ್ಟನ್ನು ಒಡೆದುಬಿಟ್ಟರು. ಅವರಿಗೆ ಈ ಕೆಲಸ ತಿಳಿಯದು.'

ನೀಲಾಂಬಿಕೆಯ ಕಣ್ಣಲ್ಲಿ ನೀರು ತುಂಬಿತು. ಗುರುಗಳ ಮುಖದಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಅವರು ಮುಂದಕ್ಕೆ ಓದುತ್ತಿದ್ದರು. ಓದುತ್ತ ಓದುತ್ತ ಬೆನ್ನು ನೆಟ್ಟಗಾಯಿತು.

ಪತ್ರದಲ್ಲಿ ಬರೆದಿದ್ದಂತೆ, ಆ ಕಟ್ಟು ಒಡೆದ ಮೇಲೆ ಅವಳು ಸುಮ್ಮನೆ ಕುಳಿತಿರಲಿಲ್ಲ. ಏನೂ ಬರೆಯದ ಗರಿಗಳನ್ನು ತಂದು, ಕಟ್ಟು ಮಾಡಿ, ಹೊಳೆಯಲ್ಲಿ ನೆನೆಹಾಕಿ, ಬೇಕೆಂದೇ ಅಂಟುವಂತೆ ಒಣಗಿಸಿದ್ದಳು. ಅನ್ನದ ಹಂಡೆಯ ಹಬೆಗೆ ಹಿಡಿದಳು. ಗರಿಗಳು ಸೊಟ್ಟಗಾದವು. ಎಣ್ಣೆ ಸವರಿದಳು. ಇನ್ನೂ ಬಿಗಿಯಾಗಿ ಕಚ್ಚಿಕೊಂಡವು. ಕೊನೆಗೆ ಒಂದು ದೊಡ್ಡ ಮಣ್ಣಿನ ಗುಡಾಣದ ಒಳಸುತ್ತ ಒದ್ದೆ ಬಟ್ಟೆ ಹಾಸಿ, ನಡುವೆ ಕಟ್ಟನ್ನು ತೂಗುಬಿಟ್ಟು, ಬಾಯಿ ಮುಚ್ಚಿ ಕಾದಳು. ಮೇಲಿನ ಕೆಲವು ಗರಿಗಳು ಇಡಿಯಾಗಿ ಬಿಟ್ಟುಕೊಂಡವು. ನಡುವಿನವು ಏನು ಮಾಡಿದರೂ ಬಿಡಲಿಲ್ಲ.

ಪತ್ರದ ಕೊನೆಯಲ್ಲಿ ಹೀಗಿತ್ತು: 'ನಾನು ಬಂದು ನಿಂತಿರುವುದು ಇಲ್ಲಿ. ಮುಂದಿನದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆಯೆಂದು ಕೇಳಿ ಬರೆಯುತ್ತಿದ್ದೇನೆ. ಇಲ್ಲಿ ಒಂದು ಕಪಾಟಿನ ತುಂಬ ಕಟ್ಟುಗಳು ಕಾಯುತ್ತಿವೆ.'

ಗುರುಗಳು ಹಾಳೆಯಿಂದ ತಲೆ ಎತ್ತಿದರು.

"ಆ ಗುಡಾಣ ಎಲ್ಲಿದೆ?"

"ಕೊಟ್ಟಿಗೆಯ ಹಿಂದೆ ಬುದ್ಧಿ."

"ತೋರಿಸು."

ಕೊಟ್ಟಿಗೆಯ ಹಿಂದೆ ಗುರುಗಳು ನೆಲದ ಮೇಲೆಯೇ ಕುಳಿತುಬಿಟ್ಟರು. ಮುಚ್ಚಳ ತೆಗೆದು, ಒಳಗಿದ್ದ ಕಟ್ಟಿನ ಮೇಲಿನ ಗರಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು. ಗರಿ ಇಡಿಯಾಗಿ ಕೈಗೆ ಬಂತು. ಅದನ್ನು ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ನೀಲಾಂಬಿಕೆ ಹಿಂದೆಂದೂ ಕಂಡಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ನೋವಾಗುತ್ತದೆ ಅಂತ."

"ನೋವು ಆ ಕಟ್ಟು ಒಡೆದ ದಿನವೇ ಆಯಿತು ಮಗಳೇ. ಇದು ಮದ್ದು."

ಪತ್ರ ಇಂಗ್ಲಿಷಿಗೆ ಬಂತು. ಗುರುಗಳ ಸಾಲು ಅದರಲ್ಲಿ ಹಾಗೆಯೇ ಉಳಿಯಿತು.

ಬೇಸಿಗೆಯ ಹೊತ್ತಿಗೆ ಉತ್ತರ ಬಂತು. ಆ ಒಂದು ಸೀಟು ಅವಳದಾಗಿತ್ತು. ಅಲ್ಲಿನ ಪ್ರಾಧ್ಯಾಪಕಿ ಗುಡಾಣದ ವಿಷಯವಾಗಿಯೇ ಹಲವು ಪ್ರಶ್ನೆ ಕೇಳಿದ್ದರು. ಮಾದಪ್ಪ ಆಶ್ರಮಕ್ಕೆಲ್ಲ ಪಾಯಸ ಮಾಡಿ ಬಡಿಸಿದ.

ಹೊರಡುವ ದಿನ ನೀಲಾಂಬಿಕೆ ಗುರುಗಳ ಪಾದ ಮುಟ್ಟಿದಳು. ಎದ್ದು ನಿಂತರೂ ಕಾಲು ಮುಂದೆ ಹೋಗಲಿಲ್ಲ.

"ಬುದ್ಧಿ, ನೀವು ಉಳಿಸಿದ ನೂರಾರು ಕಟ್ಟುಗಳು ಅಲ್ಲಿಯವರಿಗೆ ಗೊತ್ತಿಲ್ಲ. ಒಡೆದ ಒಂದು ಮಾತ್ರ ಗೊತ್ತು. ನಿಮ್ಮ ಹೆಸರಿಗೆ ನಾನೇ ಕುಂದು ತಂದೆನಲ್ಲ?"

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟರು.

"ಕಲಿತು ಬಂದು ನೀನು ಪಾಠ ಶುರುಮಾಡುವಾಗ ಹೇಳಿ ಕಳಿಸು. ನಾನೂ ಒಂದು ಪುಟ ಬರೆದು ತರುತ್ತೇನೆ. ನನ್ನನ್ನು ಸೇರಿಸಿಕೊಳ್ಳುವುದೋ ಬೇಡವೋ, ಓದಿ ನೋಡಿ ನೀನೇ ಹೇಳು."