ಹೃದಯವನ್ನು ಕಂಡು ಬಂದ ಹನಿ

ಆಸ್ಪತ್ರೆಯ ಮೇಜಿನ ಮೇಲೆ ಪೇಸ್‌ಮೇಕರ್ ಯಂತ್ರವೊಂದು ತನ್ನ ಪೆಟ್ಟಿಗೆಯಲ್ಲಿ ಕುಳಿತಿತ್ತು. ಪಕ್ಕದ ಗಾಜಿನ ಕೊಳವೆಯಲ್ಲಿ ರಕ್ತದ ಹನಿಯೊಂದಿತ್ತು. ಯಂತ್ರ ಬಂದದ್ದು ಎಪ್ಪತ್ತೆರಡು ವರ್ಷದ ಸೂಲಗಿತ್ತಿ ತಂಗೆವ್ವನಿಗಾಗಿ, ಹನಿ ಬಂದದ್ದು ಆಕೆಯ ಮೈಯಿಂದಲೇ. ಹೃದಯ ಸೋತು, ಆಕೆ ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತಿದ್ದಳು.

“ಈಕೆಗೆ ನಾನು ಬೇಡ,” ಎಂದಿತು ಯಂತ್ರ. “ಮಿಡಿತಕ್ಕೆ ಲಯ ಕೊಡುವುದು ನನ್ನ ಕೆಲಸ. ಮುದಿ ಹೃದಯ ನನ್ನ ಮಾತು ಕೇಳುವುದಿಲ್ಲ. ಆಮೇಲೆ ಅಪವಾದ ನನಗೆ.”

“ವಯಸ್ಸು ನೋಡಿ ತೀರ್ಮಾನಿಸಬೇಡಯ್ಯಾ,” ಎಂದಿತು ಹನಿ. “ನಾನು ಆ ಹೃದಯದೊಳಗೇ ಹಾದು ಬಂದಿದ್ದೇನೆ. ಅದು ದಣಿದಿದೆ, ನಿಜ. ಆದರೆ ಅದರ ಗೋಡೆ ಗಡುಸಾಗಿಲ್ಲ. ಆಗಿದ್ದರೆ ಅದರ ಗುರುತು ನನ್ನಲ್ಲಿ ಇರುತ್ತಿತ್ತು.”

“ಒಂದು ಹನಿಯ ಮಾತನ್ನು ಯಾರು ನಂಬುತ್ತಾರೆ?”

“ನಂಬುವುದು ಬೇಡ, ಪರೀಕ್ಷಿಸಲಿ,” ಎಂದು ಹನಿ ಪರೀಕ್ಷೆಗೆ ಹೊರಟಿತು.

ವರದಿ ನೋಡಿದ ಡಾಕ್ಟರ್ ಫರ್ಹಾನಾ ತಂಗೆವ್ವನ ಕೈ ಹಿಡಿದರು. “ಅಜ್ಜಿ, ನಿಮ್ಮ ಹೃದಯದ ಗೋಡೆ ಇನ್ನೂ ಗಡುಸಾಗಿಲ್ಲ. ಯಂತ್ರ ಹಾಕೋಣ.”

“ಹಾಕವ್ವಾ. ಕೂಸು ಹಿಡದ ಕೈ ಇವು, ಸುಮ್ಮನ ಕುಂದ್ರಾಕ ಒಲ್ಲೆ ಅಂತಾವ.”

ಯಂತ್ರ ಅಳುಕುತ್ತಲೇ ಒಳಗೆ ಹೋಗಿ ಮಿಡಿತ ಕೊಟ್ಟಿತು. ಹೃದಯ ಓಗೊಟ್ಟಿತು. ಆರು ತಿಂಗಳಿಗೆ ತಂಗೆವ್ವ ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿ ಬಂದಳು. ಎಲ್ಲರೂ ಯಂತ್ರವನ್ನು ಹೊಗಳಿದರು.

ಯಂತ್ರಕ್ಕೆ ನಾಚಿಕೆಯಾಯಿತು. “ನಾನು ವರ್ಷ ಎಣಿಸಿ ಬೇಡವೆಂದೆ, ಆ ಹನಿ ಒಳಗನ್ನು ಕಂಡು ಬೇಕೆಂದಿತು. ಅದಕ್ಕೆ ಕೈಮುಗಿಯಬೇಕು, ಎಲ್ಲಿದೆ?” ಎಂದು ಪಕ್ಕದಲ್ಲಿ ಹರಿಯುತ್ತಿದ್ದ ರಕ್ತವನ್ನು ಕೇಳಿತು.

“ಅದು ಪರೀಕ್ಷೆಯಲ್ಲೇ ಮುಗಿದುಹೋಯಿತು,” ಎಂದಿತು ರಕ್ತ. “ಹಾಗಾಗುವುದೆಂದು ತಿಳಿದೇ ಅದು ಹೊರಟಿತ್ತು.”

ಯಂತ್ರ ಒಂದು ಮಿಡಿತವನ್ನೂ ತಪ್ಪಿಸದೆ ತಲೆಬಾಗಿತು.