ಹಳ್ಳ ಮರಳಿಗೆ ಕೊಟ್ಟ ಮಾತು

ಲೋಕ ಆಗಿನ್ನೂ ಹೊಸದು, ಮಗಾ. ಬೇಸಿಗೆ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಹೇಳದೆ ಉಳಿದ ಮಾತು ಅಂತ ಇರಲಿಲ್ಲ. ಅದಕ್ಕೆ ಹೆಸರೂ ಇರಲಿಲ್ಲ.

ಎಲ್ಲರಿಗಿಂತ ಹೆಚ್ಚು ಮಾತು ನಮ್ಮ ಹಳ್ಳದ್ದು. ದಂಡೆಯ ಮೇಲೆ ಒಂದು ಹೊಂಗೆಮರ. ಹಳ್ಳ ಹರಿಯುತ್ತಾ ಮಾತಾಡುತ್ತಿತ್ತು. ಹೊಂಗೆ ನಿಂತು ಕೇಳುತ್ತಿತ್ತು.

"ಏನೇ ಹಳ್ಳ, ಹೊಟ್ಟೆಯೊಳಗೆ ಏನೂ ಇಟ್ಕೊಳ್ಳಲ್ವೇನೇ?" ಅನ್ನುತ್ತಿತ್ತು ಹೊಂಗೆ.

"ಇಟ್ಕೊಂಡು ಏನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ಒಂದು ದಿನ ಸೂರ್ಯ ಹಳ್ಳವನ್ನು ಕರೆದ. "ಮೋಡಕ್ಕೆ ನೀರು ಬೇಕು. ಹೊರಡು" ಅಂದ.

ಹಳ್ಳ ದಂಡೆಗೆ ಬಂತು. "ಹೋಗ್ತೀನಿ" ಅಂತು.

"ಹೋಗಿ ಬಾ. ನನ್ನ ಕಿವಿಗೂ ಒಂಚೂರು ಬಿಡುವು" ಅಂತ ಹೊಂಗೆ ನಕ್ಕಿತು.

ಹಳ್ಳಕ್ಕೆ ಇನ್ನೊಂದು ಮಾತು ಹೇಳುವುದಿತ್ತು. ಗಂಟಲಿಗೆ ಬಂತು. ಬಾಯಿಗೆ ಬರಲಿಲ್ಲ.

ಮರಳು ಅದನ್ನು ನೋಡಿತು. "ಹೇಳಕ್ಕಾಗದಿದ್ರೆ ನನ್ನ ಕೆಳಗಿಟ್ಟು ಹೋಗವ್ವ. ಸೂರ್ಯನಿಗೂ ತೋರ್ಸಲ್ಲ" ಅಂತು.

ಹಳ್ಳ ಇಟ್ಟಿತು. ಹೋಯಿತು.

ಹೊಂಗೆಗೆ ಬಾಯಾರಿತು. ಎಲೆ ಒಂದೊಂದೇ ಉದುರಿತು. ಬಾಯಾರಿಕೆಗಿಂತ ಹೆಚ್ಚು ಕಾಡಿದ್ದು ಹಳ್ಳದ ಸದ್ದಿಲ್ಲದಿರುವುದು. "ಅಷ್ಟೊಂದು ಮಾತಾಡ್ತಿದ್ಲು. ಹೋಗುವಾಗ ನನಗೆ ಅಂತ ಒಂದು ಮಾತಿರ್ಲಿಲ್ಲ" ಅಂದುಕೊಂಡಿತು. ಇನ್ನು ಚಿಗುರುವುದು ಬೇಡ ಅಂತ ಸುಮ್ಮನಾಯಿತು.

ಒಂದು ನರಿ ಬಂತು. ಮರಳಿನ ಮೇಲೆ ಮಲಗಿತು. ತಟ್ಟನೆ ಎದ್ದು ಕೂತಿತು.

"ಹೊಂಗೆಣ್ಣ, ಇಲ್ಲಿ ಹೊಟ್ಟೆಗೆ ತಣ್ಣಗಾಗ್ತದೆ."

"ಸುಮ್ನಿರು. ಹಳ್ಳ ಹೋಗಿ ಎಷ್ಟೋ ದಿನ ಆಯ್ತು."

ನರಿ ಕೇಳಲಿಲ್ಲ. ಕಾಲಿನಿಂದ ತೋಡಿತು. ಒದ್ದೆ ಕಂಡಿತು. ಇನ್ನೂ ತೋಡಿತು. ಕದಡಿದ ನೀರು ಬಂತು. ಕಾದು ಕೂತಿತು. ನೀರು ತಿಳಿಯಾಯಿತು.

ಹೊಂಗೆ ಬೇರು ಚಾಚಿ ಕುಡಿಯಿತು. ಹಳ್ಳ ಹೇಳದೆ ಬಿಟ್ಟ ಮಾತು ಅದರಲ್ಲಿತ್ತು.

"ಏನಂತಾಳೆ ಹಳ್ಳ?" ನರಿ ಕೇಳಿತು.

"ಹೇಳಕ್ಕೆ ಬರಲ್ಲ."

"ಏನಂತಾರೆ ಅದಕ್ಕೆ, ಹೆಸರಾದ್ರೂ ಹೇಳು."

ಹೊಂಗೆ ಯೋಚಿಸಿತು. "ಒರತೆ" ಅಂತು.

ಹೇಳದೆ ಒಳಗಿಟ್ಟ ಮಾತಿಗೆ ಮೊದಲು ಆ ಹೆಸರು ಬಂತು. ಮರಳು ತೋಡಿದರೆ ಜಿನುಗುವ ನೀರಿಗೆ ಬಂದದ್ದು ಆಮೇಲೆ.

ನಿಮ್ಮಜ್ಜಿ ಬೇಸಿಗೆಯಲ್ಲಿ ತೋಡುತ್ತಿದ್ದದ್ದು ಅಲ್ಲೇ. ಮೊದಲ ನೀರನ್ನು ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲುತ್ತಿದ್ದಳು. ಆಮೇಲೆ ನೀರು ತಿಳಿಯಾಗಲಿ ಅಂತ ಕೂರುತ್ತಿದ್ದಳು. ಈ ವರ್ಷ ನೀನು ತೋಡು. ನಾನು ಪಕ್ಕದಲ್ಲಿ ಕೂತಿರ್ತೀನಿ.

ಹಳ್ಳ ಬತ್ತಿ ಮರಳು ಸುಡುವಾಗಲೂ ದಂಡೆಯ ಹೊಂಗೆ ಮೈತುಂಬ ಚಿಗುರಿ ನಿಂತಿರುತ್ತದಲ್ಲ ಮಗಾ, ಅದು ಆ ಮಾತನ್ನು ಕುಡಿದದ್ದಕ್ಕೆ.